ರಹೀಮಾಬೀಯ ಆಡು

೩ ಅಕ್ಟೋಬರ್ ೧೯೪೮, ಐತವಾರ, ಬೀದರ

ಹಿಂದುಸ್ತಾನದ ಮಿಲಿಟ್ರಿ ಬಂದು ಮುಸಲ್ಮಾನರ ಮ್ಯಾಲ ಗಲಾಟಿ ಎದ್ದ ಮ್ಯಾಲ ಬಾಜೂಮನಿ ರಹೀಮಾಬೀ ಮಕ್ಕಳನ್ನ ಕರಕೊಂಡು ಓಡಿಹೋದಳು. ಆಕಿ ಬಿಟ್ಟುಹೋದ ಆಡನ್ನ ನನ್ನ ಮೈದುನ ಥಾಮಸ ಇವತ್ತು ಕಡಿದ. “ಮಿಷನ್ ದೊರಸಾನಿ ಕಲಿಸಿದ ಪೈ ಮಾಡ್ರಿ ವೈನಿ,” ಅಂದ. ನಾಚಿಕಿಲ್ಲದವ.

ಕೆಳಗ ಖೀಮಾ, ಮ್ಯಾಲ ಹಿಸುಕಿದ ಆಲೂಗಡ್ಡಿ, ಮುಚ್ಚಳದ ಮ್ಯಾಲ ಕೆಂಡ. ಕಳವು ಮುಚ್ಚಿಡಲಿಕ್ಕೆ ಇದಕ್ಕಿಂತ ಛಲೋ ಅಡಿಗಿ ಇಲ್ಲ.

ಊಟಕ್ಕ ಕುಂತಾಗ ನನ್ನ ಗಂಡ, ಸಾಲಿ ಮಾಸ್ತರ, ಕಣ್ಣು ಮುಚ್ಚಿ, “ಕರ್ತನೇ, ನೀನು ಕೊಟ್ಟ ಈ ಊಟಕ್ಕಾಗಿ ಸ್ತೋತ್ರ,” ಅಂದರು.

“ಕರ್ತ ಕೊಟ್ಟಿದ್ದಲ್ಲರಿ. ರಹೀಮಾಬೀದು,” ಅಂದೆ.

“ಪ್ರಾರ್ಥನಾದಾಗ ಬಾಯಿ ಮುಚ್ಚು,” ಅಂದರು.

ನಾನು ಆಮೆನ್ ಅನಲಿಲ್ಲ, ತಿನ್ನಲೂ ಇಲ್ಲ. ಥಾಮಸ ಎರಡು ಸಲ ಹಾಕಿಸಿಕೊಂಡ.

ತಿನ್ನಲಿಲ್ಲ ಅಂತ ಬರದೆನಲ್ಲ, ಅದೂ ಸುಳ್ಳು. ಒಲಿ ಮುಂದ ಉಪ್ಪು ನೋಡಿದಾಕಿ ನಾನೇ. ರುಚಿ ಆಗಿತ್ತು.