ಕರ್ಚೀಫ್ ಹಾಕಿದ ಸೀಟು

ಮಹಾಂತೇಶ,

ನೀನು ಮಠ ಸೇರಿದ ಮೇಲೆ ಮಂದಿಯೆಲ್ಲ ನಿನ್ನನ್ನು ಅಪ್ಪಾರು ಎನ್ನುತ್ತಾರೆ. ನಾನು ಹೆಸರು ಹಿಡಿದೇ ಬರೆಯುತ್ತೇನೆ. ಇದನ್ನೇನು ಕಳಿಸುವವಳಲ್ಲವಲ್ಲ.

ಇವತ್ತು ಅವ್ವನ ಹಟಕ್ಕೆ ಕಂಪ್ಲಿಗೆ ಬಂದು, ಕಂಬದ ಮರೆಯಲ್ಲಿ ಕುಳಿತು ನಿನ್ನ ಪ್ರವಚನ ಕೇಳಿದೆ.

"ದೇವ್ರನ್ನ ಹೇಳಾಕ ಮನುಷ್ಯಾರ ಮಾತು ಸಾಲಂಗಿಲ್ರಿ" ಎಂದು ನೀನು ಶುರು ಮಾಡಿದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಸಾಕಿತ್ತು. "ಆದ್ರೂ ಹೇಳ್ತೀನಿ. ತುಂಬಿದ ಬಸ್ಸಿನ್ಯಾಗ ನಿಮಗಂತ ಕರ್ಚೀಫ್ ಹಾಕಿ ಸೀಟು ಹಿಡಿದು, ಯಾರು ಎಷ್ಟು ಬೈದ್ರೂ ಬಿಡದಂಗ ಕಾಯ್ತಾನಲ್ರಿ, ಅವನೇ ದೇವ್ರು."

ಜನ ಚಪ್ಪಾಳೆ ತಟ್ಟಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಸಪೇಟೆಯಿಂದ ತೋರಣಗಲ್ಲಿನ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ ದಿನವೂ ನಿನಗೆ ಕರ್ಚೀಫ್ ಹಾಕುತ್ತಿದ್ದವಳು ನಾನು. ನಿಂತವರ ಕೈಲಿ ಬೈಸಿಕೊಂಡವಳೂ ನಾನೇ. ನಿನ್ನ ದೇವರು ಒಂದು ದಿನವಾದರೂ ಆ ಬಸ್ಸಿಗೆ ಓಡಿ ಹತ್ತಿದ್ದನೇ?

ನೀನು ಬೇರೆ ಹುಡುಗಿಯನ್ನು ಕಟ್ಟಿಕೊಂಡಿದ್ದರೆ ಅವಳ ಮೂಗು ಸೊಟ್ಟ, ಜಡೆ ಮೋಟು ಎಂದು ಬೈದು ಹೊಟ್ಟೆಯುರಿ ತೀರಿಸಿಕೊಳ್ಳುತ್ತಿದ್ದೆ. ಇವನನ್ನು ಏನೆಂದು ಬೈಯಲಿ? ಕಣ್ಣಿಗೆ ಕಾಣದವನಿಗೆ ನನ್ನದನ್ನೆಲ್ಲ ತೊಡಿಸಿ ಕೂರಿಸಿಬಿಟ್ಟೆಯಲ್ಲ.

ಮರಳುವಾಗ ಬಸ್ಸಿಗೆ ನೂಕುನುಗ್ಗಲು. ನಾನು ಮೊದಲು ಹತ್ತಿ, ಮೂವರು ಕೂರುವ ಸೀಟು ಹಿಡಿದೆ. ಹಿಂದಿನಿಂದ ಬಂದ ಅವ್ವ ಕಿಟಕಿ ಪಕ್ಕ ಕುಳಿತು, ನನ್ನ ಬದಿಯ ಖಾಲಿ ಜಾಗದ ಮೇಲಿದ್ದ ಕರ್ಚೀಫ್ ನೋಡಿದಳು.

"ನಾವು ಇಬ್ರ ಅದೀವಲ್ಲ. ಇದು ಯಾರಿಗವ್ವಾ?"

ನನಗೂ ಮಾತು ಸಾಲಲಿಲ್ಲ.