ಮೂರನೆಯ ಚಿತ್ರ

ಕೆರಗೋಡು, ಭಾನುವಾರ

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಫೋನ್ ಸಿಗುತ್ತಿಲ್ಲ, ಅದಕ್ಕೇ ಈ ಮೇಲ್. ನಾಳೆಯ ಸಮ್ಮೇಳನದಲ್ಲಿ ದಯವಿಟ್ಟು ಮೂರನೆಯ ಚಿತ್ರ ತೋರಿಸಬೇಡಿ. ಅದರಲ್ಲಿ ತೋರಿಸಿರುವ, ಪರಮಾಣು ತನ್ನ ಸುತ್ತಲಿನ ಪರಿಸರಕ್ಕೆ ಬಿಟ್ಟುಕೊಟ್ಟ ಶಕ್ತಿ ಮರಳಿ ಬರುತ್ತದೆ ಎಂಬ ನಮ್ಮ ಕಂಪ್ಯೂಟರ್ ಲೆಕ್ಕ ಸುಳ್ಳು.

ಬೆಳಿಗ್ಗೆ ಗದ್ದೆಗೆ ನೀರು ಕಟ್ಟುತ್ತಿದ್ದೆ. “ಕಾಲ್ವೆ ತುದೀಲಿ ಮಣ್ಣಾಕಿ ಮುಚ್ಚಿದ್ದೀಯ ಕಣಮ್ಮ, ನೀರು ಎಲ್ಲಿಗ್ ಓಯ್ತದೆ? ವಾಪಸ್ ಬತ್ತದೆ” ಎಂದರು ಅಪ್ಪ. ಗುದ್ದಲಿ ಅಲ್ಲೇ ಬಿಟ್ಟು ಮನೆಗೆ ಓಡಿ ನಮ್ಮ ಲೆಕ್ಕ ತೆರೆದು ನೋಡಿದೆ. ಲೆಕ್ಕ ಬೇಗ ಮುಗಿಯಲೆಂದು ಪರಿಸರವನ್ನು ನಾನು ತೀರಾ ಚಿಕ್ಕದಾಗಿಟ್ಟಿದ್ದೆ. ಶಕ್ತಿ ಅದರ ತುದಿಗೆ ಬಡಿದು ಹಿಂದಿರುಗಿದೆ, ಅಷ್ಟೇ.

ಪರಿಸರವನ್ನು ನಾಲ್ಕು ಪಟ್ಟು ಹಿಗ್ಗಿಸಿ ಲೆಕ್ಕವನ್ನು ಮತ್ತೆ ಓಡಿಸಿದೆ. ಏನೂ ಮರಳಲಿಲ್ಲ.

ಯಾರಾದರೂ ಕೇಳಿದರೆ ತಪ್ಪು ಚಂದನಳದ್ದು ಎಂದುಬಿಡಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಆ ಚಿತ್ರಕ್ಕೆ ಅವರು ಫ್ರೇಮ್ ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾರೆ.

ನಿಮ್ಮ ವಿದ್ಯಾರ್ಥಿನಿ,
ಚಂದನ