ಗೆರೆಯ ಮೇಲಿನ ಮನೆ

ನೆಬ್ರಾಸ್ಕಾ
ಅಕ್ಟೋಬರ್ ೧೮೮೫, ಭಾನುವಾರ

ಮುದ್ದಿನ ತಂಗಿ ಎಲ್ನಾಗೆ, ನಿನ್ನನ್ನು ದಿನವೂ ನೆನೆಯುವ, ದಿನವೂ ಬೈಯುವ ಅಕ್ಕ ಬೆಂಗ್ಟಾಳ ಪ್ರೀತಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಹೊರಟರೆ ಕೈಯೇ ಏಳಲಿಲ್ಲ. ಸುಸ್ತಾಗಿದೆ ಕಣೇ. ಮೈಯ ಸುಸ್ತಾದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಒಬ್ಬಳೇ ಇಬ್ಬರಾಗಿ ಬದುಕುವ ಸುಸ್ತು.

ಇನ್ನೊಂದು ಚಳಿಗಾಲ ಹೇಗಾದರೂ ಸಂಭಾಳಿಸು ಅಕ್ಕ, ವಸಂತದಲ್ಲಿ ಐದು ವರ್ಷದ ವಾಸ ತುಂಬಿ ಪಟ್ಟಾ ಕೈಗೆ ಬರುತ್ತದೆ, ಆಮೇಲೆ ಜಮೀನು ಮಾರಿ ಆಕ್ಸೆಲ್ ಅಂಗಡಿ ದೊಡ್ಡದು ಮಾಡುತ್ತಾರೆ ಎಂದು ಬರೆದಿದ್ದೀಯ. ನಿನಗೆ ಬರೆಯುವುದು ಸುಲಭ. ನೀನು ಆಕ್ಸೆಲ್‌ನನ್ನು ಮದುವೆಯಾಗಿ ಪೇಟೆ ಸೇರಿದ್ದು ಹೋದ ಕ್ರಿಸ್‌ಮಸ್‌ಗೆ. ಮದುವೆಯಾದದ್ದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಸರ್ಕಾರ ಕೊಟ್ಟ ಜಾಗದಲ್ಲಿ ಆರು ತಿಂಗಳು ವಾಸವಿಲ್ಲದಿದ್ದರೆ ಅದು ಯಾರು ಬೇಕಾದರೂ ಕೇಳಬಹುದಾದ ಜಾಗ. ಅದಕ್ಕೇ ನಿನ್ನ ಕೆಂಪು ವಸ್ತ್ರ ತಲೆಗೆ ಕಟ್ಟಿಕೊಂಡು ಬೆಳಿಗ್ಗೆ ನಿನ್ನ ಹೊಲದಲ್ಲಿ ಓಡಾಡುತ್ತೇನೆ, ಮಧ್ಯಾಹ್ನ ನನ್ನ ಬಿಳಿ ವಸ್ತ್ರದಲ್ಲಿ ನನ್ನ ಹೊಲಕ್ಕೆ ಇಳಿಯುತ್ತೇನೆ. ಒಗೆದ ಬಟ್ಟೆಯ ಸಾಲಿನಲ್ಲಿ ನಿನ್ನ ಲಂಗ ತಪ್ಪದೆ ಇರುತ್ತದೆ. ಯಾರೂ ಉಡದ ಲಂಗವನ್ನು ಒಗೆದು ಒಗೆದೇ ಬಣ್ಣ ಹೋಯಿತು.

ಪಕ್ಕದ ಜಮೀನಿನ ಓಲಾನ ಹೆಂಡತಿ ಕಾರ್ನಾಳನ್ನು ಎಷ್ಟು ದಿನ ಏಮಾರಿಸಲಿ? ಪ್ರತಿ ಪ್ರಾರ್ಥನೆಗೂ ಎಲ್ನಾಗೆ ತಲೆನೋವು ಎನ್ನುತ್ತೇನೆ. ಹೋದ ವಾರ ಎಲ್ಲರೆದುರೇ ನಕ್ಕುಬಿಟ್ಟಳು: "ಭಾನುವಾರಾನೇ ನೋಡ್ಕೊಂಡು ಬರುತ್ತಲ್ಲೇ, ಎಂಥಾ ಭಕ್ತಿವಂತ ತಲೆನೋವು!" ಹುಟ್ಟೂರಿನಿಂದ ಓಲಾನ ತಮ್ಮ ಬರುತ್ತಿದ್ದಾನಂತೆ, ಅವನಿಗೆ ಜಾಗ ಬೇಕಂತೆ.

ನಿನಗೆ ಮರೆತಿರಬಹುದು, ನಾವು ಈ ಮನೆ ಕಟ್ಟಿದ್ದು ಎರಡು ಜಮೀನಿನ ಗಡಿಗೆರೆಯ ಮೇಲೆ. ಒಂದೇ ಕೋಣೆ, ಅಕ್ಕತಂಗಿಯರು ತಂತಮ್ಮ ಜಾಗದಲ್ಲೇ ಮಲಗಿದ ಹಾಗಿರಲಿ ಎಂದು ಗೆರೆಯ ಆಚೆ ನಿನ್ನ ಮಂಚ, ಈಚೆ ನನ್ನದು. ಹುಲ್ಲುಬೇರು ಹಿಡಿದ ಮಣ್ಣಿನ ಹೆಂಟೆ ಕೊಯ್ದು ಗೋಡೆ ಏರಿಸುವಾಗ ನಗುನಗುತ್ತಾ ಒಲೆಯನ್ನು ನಿನ್ನ ಕಡೆ ಕಟ್ಟಿದೆವು. ಬಾವಿಯೂ ನಿನ್ನ ಕಡೆಯೇ. ನೀನು ಮಾರಿದರೆ ನಾನು ಯಾರ ಒಲೆಯಲ್ಲಿ ರೊಟ್ಟಿ ಸುಡಲಿ? ಇದು ನಿನ್ನ ತಲೆಗೆ ಹೊಳೆಯಲೇ ಇಲ್ಲವಲ್ಲ ಎಂದು ಅತ್ತೆ. ಹೌದು, ಅತ್ತೆ.

ಮನೆಯಲ್ಲಿ ಈಗ ಮರೀತ್ ಇದ್ದಾಳೆ. ನಾರ್ವೆಯವಳು. ಗಂಡ ದಾರಿಯಲ್ಲೇ ಜ್ವರದಿಂದ ಹೋದ. ನಮ್ಮ ಹಳ್ಳದಲ್ಲಿ ಗಾಡಿಯ ಅಚ್ಚು ಮುರಿದು, ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಾಗಿಲಿಗೆ ಬಂದಳು. ಮಕ್ಕಳು ನಿನ್ನ ಮಂಚದಲ್ಲಿ ಮಲಗುತ್ತಾರೆ. ಸೌದೆಯಿಲ್ಲದ ಈ ಬಯಲಲ್ಲಿ ಒಲೆಗೆಂದು ಒಣಹುಲ್ಲು ಹೊಸೆದು ಹೊಸೆದು ನನ್ನ ಅಂಗೈ ಸೀಳಿತ್ತು. ಈಗ ಅವಳು ಹೊಸೆಯುತ್ತಾಳೆ, ನಾನು ಕೂತು ಉಣ್ಣುತ್ತೇನೆ. ಯಾರೋ ಬಡಿಸಿ ಉಂಡು ಎಷ್ಟು ಕಾಲವಾಗಿತ್ತು!

ನಿನ್ನೆ ಕಾರ್ನಾ ಬಂದು, ಎಲ್ನಾಳ ಮುಖ ನೋಡಿಯೇ ಹೋಗುತ್ತೇನೆ ಎಂದು ಹೊಸ್ತಿಲಲ್ಲಿ ನಿಂತಳು. ಮರೀತಳೇ ನಿನ್ನ ಮಂಚದ ಪರದೆ ಎಳೆದು, ಜ್ವರ, ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಬೇಡಿ ಎಂದು ಅವಳನ್ನು ಸಾಗಹಾಕಿದಳು. ಆಮೇಲೆ ನನ್ನ ಮುಂದೆ ಕೂತು ಹೇಳಿದಳು: "ಬೆಂಗ್ಟಕ್ಕ, ನಿಮ್ಮನೆ ಅನ್ನ ತಿಂದಿದ್ದಕ್ಕೆ ಒಂದು ಸುಳ್ಳು ಹೇಳಿದೆ. ಮಕ್ಕಳ ಮುಂದೆ ಇನ್ನೊಂದ್ಸಲ ಹೇಳಕ್ಕಾಗಲ್ಲ. ಅಚ್ಚು ರೆಡಿಯಾದ ದಿನ ಹೊರಡ್ತೀನಿ."

ಎಲ್ಲಿಗೆ ಎಂದು ಕೇಳಿದೆ. ಜಾಗ ಸಿಕ್ಕುವಲ್ಲಿಗೆ ಎಂದಳು. ಹಿಮ ಬೀಳುವ ಮುಂಚೆ ಎಲ್ಲಾದರೂ ಸಿಕ್ಕೀತು ಎಂದಳು. ನಾನು ಎದ್ದು ಒಲೆಗೆ ಹುಲ್ಲು ತುರುಕಿದೆ.

ಎಲ್ನಾ, ನೀನೇ ಬಾ. ಚಳಿಗಾಲ ಕಳೆಯುವವರೆಗೆ ನಿನ್ನ ಮಂಚದಲ್ಲಿ ನೀನೇ ಮಲಗು. ಆಕ್ಸೆಲ್‌ಗೆ ಅಡುಗೆ ಮಾಡಿಕೊಳ್ಳುವುದು ಬರದಿದ್ದರೆ ಕಲಿಯಲಿ. ನೀನು ಬಂದರೆ ನಾನು ಇದೆಲ್ಲ ಮರೆತುಬಿಡುತ್ತೇನೆ. ನನ್ನಿಂದ ಇನ್ನು ಆಗುವುದಿಲ್ಲ.

ನಿನ್ನ ಉತ್ತರಕ್ಕಿಂತ ನಿನ್ನನ್ನೇ ಕಾಯುವ,
ಅಕ್ಕ ಬೆಂಗ್ಟಾ

ಮರೆತ ಮಾತು: ಇಂದು ಬುಧವಾರ. ನಿನ್ನೆ ಸಂಜೆ ಅಚ್ಚು ರೆಡಿಯಾಯಿತು. ಮರೀತ್ ಮಕ್ಕಳ ಬಟ್ಟೆ ಗಂಟು ಕಟ್ಟುವುದನ್ನು ನನ್ನಿಂದ ನೋಡಲಾಗಲಿಲ್ಲ. ನಿನ್ನ ಜಾಗವನ್ನು ಯಾರು ಬೇಕಾದರೂ ಕೇಳಬಹುದು ಎಂಬುದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ. ನಿನ್ನ ಜಾಗಕ್ಕೆ ಅವಳು ಅರ್ಜಿ ಹಾಕುತ್ತಾಳೆ. ನನ್ನ ತಂಗಿ ಜಾಗ ಬಿಟ್ಟುಹೋಗಿದ್ದಾಳೆ ಎಂದು ಭೂಮಿ ಕಚೇರಿಯಲ್ಲಿ ಸಾಕ್ಷಿ ಹೇಳಲು ಅವಳ ಜೊತೆ ನಾನೇ ಗಾಡಿ ಹತ್ತುತ್ತಿದ್ದೇನೆ. ಈ ಕಾಗದವನ್ನೂ ಅಲ್ಲಿಂದಲೇ ಹಾಕುತ್ತೇನೆ. ನಿನಗೆ ಮೋಸ ಮಾಡಿದೆ ಅನ್ನಿಸಿದರೆ ಬಂದು ಬಾಯಿಗೆ ಬಂದ ಹಾಗೆ ಬೈಯಿ. ಹಾಗಾದರೂ ಬಂದಂತಾಗುತ್ತದೆ.